ಕೆಟ್ಟ ಕಡೆಯಲ್ಲೇ ಕರೆಂಟ್ ಕಡಿಯಬೇಕು: ಮಲೆನಾಡಿನ ಮನೆ, ಕೊಟ್ಟಿಗೆ, ಪಂಪ್‌ಶೆಡ್ಡಿಗೆ ಎಂಸಿಬಿ ಹೊಂದಿಸುವ ಕ್ರಮ

ಅಡಿಕೆ ಸುಲಿಯುವ ಮಷಿನ್ನಿನ ವೈರಿಗೆ ಇಲಿ ಹಲ್ಲು ಹಾಕಿದರೆ ಬೀಳಬೇಕಾದದ್ದು ಆ ಮಷಿನ್ನಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್) ಒಂದೇ. ಮನೆಯ ಮೇನ್ ಬೀಳಬಾರದು, ಫ್ರಿಜ್ ನಿಲ್ಲಬಾರದು, ಕಂಬದ ಮೇಲಿನ ಫ್ಯೂಸ್ ಅಂತೂ ಹೋಗಲೇಬಾರದು. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂಟಿಮನೆಗಳಲ್ಲಿ ಎರಡು ರೀತಿಯ ತೊಂದರೆ ಕಾಣುತ್ತದೆ. ಕೆಲವು ಮನೆಗಳಲ್ಲಿ ಕೊಟ್ಟಿಗೆಯಲ್ಲಿ ಶಾರ್ಟ್ ಆದರೂ ಇಡೀ ಮನೆ ಕತ್ತಲೆ. ಇನ್ನು ಕೆಲವು ಮನೆಗಳಲ್ಲಿ ಶಾರ್ಟ್ ಆದರೂ ಏನೂ ಬೀಳುವುದಿಲ್ಲ, ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಗೊತ್ತಾಗುವುದು. ಜನ ಬೈದುಕೊಳ್ಳುವುದು ಮೊದಲನೆಯದಕ್ಕೆ. ಹೆದರಬೇಕಾದದ್ದು ಎರಡನೆಯದಕ್ಕೆ.

ಪೇಟೆಯ ವೈರಿಂಗ್ ಪಾಠವನ್ನು ಹಾಗೇ ತಂದು ಇಲ್ಲಿ ಹಚ್ಚಿದರೆ ಸರಿಹೋಗುವುದಿಲ್ಲ. ಪೇಟೆಯಲ್ಲಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮನೆಯ ಪಕ್ಕದಲ್ಲೇ ಇರುತ್ತದೆ, ಶಾರ್ಟ್ ಆದರೆ ಸಾವಿರಾರು ಆಂಪ್ ನುಗ್ಗುತ್ತದೆ. ನಮ್ಮಲ್ಲಿ ಟಿಸಿಯಿಂದ ಮನೆಗೆ ಅರ್ಧ ಕಿಲೋಮೀಟರ್ ತಂತಿ, ತೋಟ ದಾಟಿ, ಹಳ್ಳ ದಾಟಿ. ಅಷ್ಟು ದೂರ ಬರುವಷ್ಟರಲ್ಲಿ ಶಾರ್ಟ್ ಕರೆಂಟ್ ಸೊರಗಿಹೋಗಿರುತ್ತದೆ. ಆ ಸೊರಗಿದ ಕರೆಂಟಿಗೆ ತಕ್ಕ ಎಂಸಿಬಿ ಆರಿಸುವುದೇ ಇಲ್ಲಿನ ಮುಖ್ಯ ಕೆಲಸ.

ಒಂದು ಮಾತು ಮೊದಲೇ. ಲೆಕ್ಕ ಹಾಕುವುದು, ಬರೆದಿಡುವುದು, ಎಲೆಕ್ಟ್ರಿಷಿಯನ್ನನ್ನು ಸರಿಯಾದ ಪ್ರಶ್ನೆ ಕೇಳುವುದು ನಿಮ್ಮ ಕೆಲಸ. ಎಂಸಿಬಿಗಳು ಕೂತಿರುವ ಡಿಬಿ ಬಾಕ್ಸಿನ ಮುಚ್ಚಳ ತೆಗೆದು ಒಳಗೆ ಕೈಹಾಕುವುದು ಲೈಸೆನ್ಸ್ ಇದ್ದವರ ಕೆಲಸ. ಮೀಟರ್ ಮತ್ತು ಅದರಾಚೆಯದೆಲ್ಲ ಮೆಸ್ಕಾಂನವರದು.

ಮೊದಲು ಸಾಲು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ತುದಿಯಿಂದ ಹಿಂದಕ್ಕೆ ಬರೆಯುತ್ತ ಹೋಗಿ: ಮಷಿನ್, ಅದರ ಸ್ಟಾರ್ಟರ್, ಶೆಡ್ಡಿನ ಎಂಸಿಬಿ, ಮನೆಯ ಮೇನ್, ಮೀಟರ್ ಬಳಿಯ ಕಟೌಟ್ ಫ್ಯೂಸ್, ಟಿಸಿಯ ಎಲ್‌ಟಿ (ಮನೆಗೆ ಬರುವ ಕಡಿಮೆ ವೋಲ್ಟೇಜಿನ ಕಡೆಯ) ಫ್ಯೂಸ್, ಟಿಸಿಯ ಮೇಲಿನ 11 ಕೆವಿ ಫ್ಯೂಸ್, ಕೊನೆಗೆ ಸಬ್‌ಸ್ಟೇಷನ್ನಿನ ಫೀಡರ್ ಬ್ರೇಕರ್. ಪ್ರತಿಯೊಂದರ ಎದುರು ಆಂಪ್ ಬರೆಯಿರಿ, ನಡುವಿನ ವೈರಿನ ದಪ್ಪ ಮತ್ತು ಉದ್ದ ಬರೆಯಿರಿ. ಶೆಡ್ಡಿನಲ್ಲಿ 32, ಮನೆಯ ಮೇನೂ 32 ಎಂದು ಕಂಡರೆ ಅಲ್ಲೇ ತಪ್ಪು ಸಿಕ್ಕಿತು. ಎರಡರಲ್ಲಿ ಯಾವುದು ಮೊದಲು ಬೀಳುತ್ತದೆ ಎಂಬುದು ಆಗ ಅದೃಷ್ಟಕ್ಕೆ ಬಿಟ್ಟದ್ದು. ಹಿಂದಿನದು (ಕಂಬದ ಕಡೆಯದು) ಮುಂದಿನದಕ್ಕಿಂತ (ಮಷಿನ್ ಕಡೆಯದಕ್ಕಿಂತ) ಕನಿಷ್ಠ ಒಂದೂವರೆ ಪಟ್ಟು, ಸಾಧ್ಯವಾದರೆ ಎರಡು ಪಟ್ಟು ದೊಡ್ಡದಿರಲಿ. ಓವರ್‌ಲೋಡಿನ ಮಟ್ಟಿಗೆ ಅಷ್ಟು ಸಾಕು. ಶಾರ್ಟಿನ ಕಥೆ ಬೇರೆ.

ಎಂಸಿಬಿಯ ಮುಖ ಓದುವುದು

ಮುಖದ ಮೇಲೆ ಬಿ16, ಸಿ32 ಎಂದೆಲ್ಲ ಇರುತ್ತದೆ. ಅಂಗಡಿಯಲ್ಲಿ ಜನ ಅಂಕಿ ಮಾತ್ರ ಕೇಳುತ್ತಾರೆ, ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ, ಅದು ಹೆಚ್ಚಿನಂಶ ಸಿ ಆಗಿರುತ್ತದೆ. ಆ ಅಕ್ಷರವೇ ನಮಗೆ ಮುಖ್ಯ.

ಒಳಗೆ ಎರಡು ವ್ಯವಸ್ಥೆ ಇವೆ. ಒಂದು, ಬಿಸಿಯಾದರೆ ಬಾಗುವ ಲೋಹದ ಪಟ್ಟಿ. ಇದು ಓವರ್‌ಲೋಡಿಗೆ, ಇದರದು ನಿಧಾನ. 16 ಆಂಪಿನ ಎಂಸಿಬಿಯಲ್ಲಿ 18 ಆಂಪ್ ಹರಿದರೆ ಒಂದು ಗಂಟೆಯವರೆಗೂ ಬೀಳಬಾರದು, 23 ದಾಟಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ಸ್ಟ್ಯಾಂಡರ್ಡ್. ಒಂದು ಗಂಟೆ! "16 ಅಂದ್ರೆ 16ಕ್ಕೇ ಬೀಳುತ್ತಲ್ಲ ಮಾರಾಯ್ರೆ" ಎನ್ನುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಇನ್ನೊಂದು ಕಾಯಿಲ್. ಶಾರ್ಟ್ ಆದಾಗ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎಳೆದು ಕೆಡವುವುದು ಇದು. ಬಿ ಆದರೆ ಮುಖದ ಮೇಲಿನ ಆಂಪಿನ 3ರಿಂದ 5 ಪಟ್ಟಿನಲ್ಲಿ, ಸಿ ಆದರೆ 5ರಿಂದ 10 ಪಟ್ಟಿನಲ್ಲಿ, ಡಿ ಆದರೆ 10ರಿಂದ 20 ಪಟ್ಟಿನಲ್ಲಿ. ಅಂದರೆ ಸಿ16ಕ್ಕೆ ಎರಡು ಅಂಕಿ: 80 ಮತ್ತು 160. 80ರ ಒಳಗೆ ಕಾಯಿಲ್ ಅಲುಗುವುದಿಲ್ಲ, 160 ಮುಟ್ಟಿದರೆ ಖಂಡಿತ ಬೀಳುತ್ತದೆ, ನಡುವೆ ಹೇಗೂ ಆಗಬಹುದು. ಬಿ16ಕ್ಕೆ 48 ಮತ್ತು 80. ಸಿ32ಕ್ಕೆ 160 ಮತ್ತು 320.

ಹೊಂದಾಣಿಕೆಯ ಗುಟ್ಟು ಈ ಎರಡು ಅಂಕಿಗಳಲ್ಲಿದೆ. ತುದಿಯ ಎಂಸಿಬಿ ಖಂಡಿತ ಬೀಳುವ ಅಂಕಿ ಅಲ್ಲಿ ಸಿಗುವ ಶಾರ್ಟ್ ಕರೆಂಟಿಗಿಂತ ಕಡಿಮೆ ಇರಬೇಕು. ಮೇನ್ ಎಂಸಿಬಿಯ ಕಾಯಿಲ್ ಅಲುಗಲು ಶುರುವಾಗುವ ಅಂಕಿ ಅದೇ ಕರೆಂಟಿಗಿಂತ ಹೆಚ್ಚಿರಬೇಕು. ಎರಡೂ ಕೂಡಿಬಂದರೆ ತುದಿ ಬೀಳುತ್ತದೆ, ಮೇನ್ ನಿಲ್ಲುತ್ತದೆ.

ನಿಮ್ಮ ಮನೆಗೆ ಎಷ್ಟು ಶಾರ್ಟ್ ಕರೆಂಟ್ ಬರುತ್ತದೆ?

25 ಕೆವಿಎ ಟಿಸಿಯ ಫುಲ್ ಲೋಡ್ ಒಂದು ಫೇಸಿಗೆ ಸುಮಾರು 33 ಆಂಪ್. ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 4.5 ಪರ್ಸೆಂಟ್ ಎಂದು ಹಿಡಿದರೆ ಟಿಸಿಯ ಬುಡದಲ್ಲೇ ಶಾರ್ಟ್ ಆದರೂ ಸುಮಾರು 740 ಆಂಪ್ ಅಷ್ಟೇ. 100 ಕೆವಿಎ ಆದರೆ ಸುಮಾರು 2,960. ಅಲ್ಲಿಂದ ಅರ್ಧ ಕಿಲೋಮೀಟರ್ ಎಲ್‌ಟಿ ಲೈನ್ ಬಂದರೆ, ಹೋಗುವ ತಂತಿ ಬರುವ ತಂತಿ ಸೇರಿ ಒಂದು ಕಿಲೋಮೀಟರ್ ಅಲ್ಯುಮಿನಿಯಂ ಆಯಿತು. ವೀಸೆಲ್ ಎಂಬ ಅಳತೆಯ ತಂತಿಯಾದರೆ ಅದೊಂದೇ 0.9 ಓಮ್ ಮೇಲೆ ತಿನ್ನುತ್ತದೆ.

ತಂತಿ ಯಾವುದು, ಕಂಬ ಎಷ್ಟು ಎಂದು ಎಣಿಸುತ್ತ ಕೂರಬೇಕಿಲ್ಲ. ಲೂಪ್ ಟೆಸ್ಟರ್ (ಟಿಸಿಯಿಂದ ಬರುವ ದಾರಿಯ ಓಮ್ ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗೀಸರ್, ಮಲ್ಟಿಮೀಟರ್, ಕ್ಲಾಂಪ್ ಮೀಟರ್ ಸಾಕು. ಕ್ರಮ ಹೀಗೆ. ಪಂಪು ಗಿಂಪು ಎಲ್ಲ ಬಂದ್ ಮಾಡಿ. ಗೀಸರ್ ಸರ್ಕ್ಯೂಟಿಗೆ ಸಂಬಂಧವಿಲ್ಲದ, ಡಿಬಿ ಹತ್ತಿರದ ಒಂದು ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ. 226 ಇದೆ ಎನ್ನಿ. ಈಗ ಗೀಸರ್ ಹಾಕಿ, ಅದೇ ಪ್ಲಗ್ಗಿನಲ್ಲಿ ಮತ್ತೆ ನೋಡಿ. 216ಕ್ಕೆ ಇಳಿಯಿತು. ಗೀಸರಿನ ಫೇಸ್ ವೈರಿಗೆ ಎಲೆಕ್ಟ್ರಿಷಿಯನ್ ಕೈಲಿ ಕ್ಲಾಂಪ್ ಹಾಕಿಸಿದರೆ 8.2 ಆಂಪ್ ತೋರಿಸಿತು. ಇಳಿದ 10 ವೋಲ್ಟನ್ನು 8.2ರಿಂದ ಭಾಗಿಸಿ: 1.22 ಓಮ್. 226ನ್ನು 1.22ರಿಂದ ಭಾಗಿಸಿ: 185. ನಿಮ್ಮ ಡಿಬಿಯಲ್ಲಿ ಶಾರ್ಟ್ ಆದರೆ ಹರಿಯುವುದು ಹೆಚ್ಚುಕಡಿಮೆ 185 ಆಂಪ್.

ನಮ್ಮ ಕಡೆ ವೋಲ್ಟೇಜ್ ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಐದಾರು ಸಲ ಹಾಕಿ ತೆಗೆದು ಸರಾಸರಿ ಹಿಡಿಯಿರಿ. ರಾತ್ರಿ ಹತ್ತರ ಮೇಲೆ ಮಾಡಿದರೆ ಅಂಕಿ ಸ್ಥಿರವಾಗಿ ಸಿಗುತ್ತದೆ. ಈ ಲೆಕ್ಕ ಲೈನಿನ ರಿಯಾಕ್ಟೆನ್ಸನ್ನು (ಎಸಿ ಕರೆಂಟಿಗೆ ಇರುವ ಇನ್ನೊಂದು ಬಗೆಯ ತಡೆಯನ್ನು) ಪೂರ್ತಿ ಹಿಡಿಯುವುದಿಲ್ಲ, ನಿಜವಾದ ಕರೆಂಟ್ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ ಎಂದು ತಿಳಿದಿರಿ.

ಅಲ್ಲಿಂದ ಶೆಡ್ಡಿಗೆ 30 ಮೀಟರ್ 2.5 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರೆ, ಹೋಗಿ ಬರುವ 60 ಮೀಟರಿಗೆ ಇನ್ನೂ 0.44 ಓಮ್ ಸೇರಿತು. ಒಟ್ಟು 1.66. ಶೆಡ್ಡಿನ ಪ್ಲಗ್ಗಿನಲ್ಲಿ ಶಾರ್ಟ್ ಆದರೆ 136 ಆಂಪ್. ಅಲ್ಲಿ ಸಿ16 ಇದ್ದರೆ ಅದು ಖಂಡಿತ ಬೀಳಲು 160 ಬೇಕು, ಸಿಗುವುದು 136. ಸಿ32 ಇದ್ದರೆ ಕಾಯಿಲ್ ಅಲುಗುವುದೇ ಇಲ್ಲ. ಪಟ್ಟಿ ಬಿಸಿಯಾಗಿ ಬೀಳುವವರೆಗೆ ಎಷ್ಟೋ ಸೆಕೆಂಡು ಅಷ್ಟೂ ಕರೆಂಟ್ ತೆಳ್ಳನೆಯ ವೈರಿನಲ್ಲಿ ಹರಿಯುತ್ತಿರುತ್ತದೆ. ಸುಟ್ಟ ವಾಸನೆ ಬಂದದ್ದು ಇಲ್ಲಿಂದ.

ಈಗ ಜೋಡಿ ಆರಿಸಿ

ಮನೆಯ ಲೈಟು, ಪ್ಲಗ್ಗು, ಗೀಸರ್‌ಗೆ ಬಿ ಹಾಕಿಸಿ. ಬಿ16ಕ್ಕೆ 80 ಆಂಪ್ ಸಾಕು, 136ರಲ್ಲಿ ನಿಸ್ಸಂಶಯವಾಗಿ ಬೀಳುತ್ತದೆ. ಮೇನ್ ಸಿ32 ಇದ್ದರೆ ಅದರ ಕಾಯಿಲಿಗೆ 160 ಬೇಕು, ಅದು ಅಲುಗುವುದಿಲ್ಲ. ಶೆಡ್ಡಿನ ತುದಿಯ ಮಟ್ಟಿಗೆ ಹೊಂದಾಣಿಕೆ ಆಯಿತು. ಆದರೆ ಡಿಬಿಯ ಹತ್ತಿರವೇ, ಅಡುಗೆಮನೆಯ ಮಿಕ್ಸಿ ಪ್ಲಗ್ಗಿನಲ್ಲಿ ಶಾರ್ಟ್ ಆದರೆ? ಅಲ್ಲಿ 185 ಹತ್ತಿರ. ಸಿ32 ಕೂಡ ಜೊತೆಗೇ ಬೀಳಬಹುದು. ಮೇನ್ ಸಿ40 ಆದರೆ ಅಲುಗಲು 200 ಬೇಕು, ನಿಲ್ಲುತ್ತದೆ. ಸಿ40 ಹಾಕುವುದಾದರೆ ಮೀಟರಿನಿಂದ ಡಿಬಿಗೆ ಬರುವ ವೈರ್ 10 ಸ್ಕ್ವೇರ್ ಎಂಎಂ ಇರಲಿ. ಎಂಸಿಬಿ ಇರುವುದು ವೈರ್ ಉಳಿಸಲಿಕ್ಕೆ, ವೈರ್ ನೋಡದೆ ಎಂಸಿಬಿ ದೊಡ್ಡದು ಮಾಡುವುದು ಮನೆಗೆ ಬೆಂಕಿ ಕರೆದಂತೆ.

ಕಷ್ಟ ಬರುವುದು ಮೋಟರಿನಲ್ಲಿ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 10 ಆಂಪ್ ಆಸುಪಾಸು ತಿಂದರೆ, ಹೊರಡುವಾಗ ಐದಾರು ಪಟ್ಟು ಕೇಳುತ್ತದೆ. ವೋಲ್ಟೇಜ್ ಕುಸಿದು, ಲೈಟೆಲ್ಲ ಮಂಕಾಗಿ, ಕೇಳಿದಷ್ಟು ಸಿಗದಿದ್ದರೂ 40–50 ಆಂಪ್ ಎಳೆಯುತ್ತದೆ. ಬಿ16 ಹಾಕಿದರೆ ಹೊರಡುವಾಗಲೇ ಬೀಳಬಹುದು. ಅದಕ್ಕೇ ಎಲ್ಲರೂ ಸಿ16, ಸಿ20 ಹಾಕಿ ಕೈತೊಳೆದುಕೊಳ್ಳುತ್ತಾರೆ. ಮಷಿನ್ ಹೊರಡುತ್ತದೆ ನಿಜ, ಶಾರ್ಟ್ ಆದರೆ ಬೀಳುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ನನ್ನ ಪ್ರಕಾರ ದಾರಿ ಇದು: ಶೆಡ್ಡಿನ ವೈರ್ 4 ಸ್ಕ್ವೇರ್ ಎಂಎಂ ಮಾಡಿಸಿ, ಬಿ25 ಹಾಕಿಸಿ. ವೈರ್ ದಪ್ಪವಾದ್ದರಿಂದ ಶಾರ್ಟ್ ಕರೆಂಟ್ 150ರ ಹತ್ತಿರಕ್ಕೆ ಏರುತ್ತದೆ. ಬಿ25 ಅಲುಗಲು 75 ಬೇಕು, ಹೊರಡುವ ಕರೆಂಟಿಗೆ ಬೀಳುವುದಿಲ್ಲ. ಖಂಡಿತ ಬೀಳಲು 125 ಸಾಕು, 150 ಸಿಗುತ್ತದೆ. ಮೋಟರ್ ಓವರ್‌ಲೋಡ್ ಆದರೆ ನೋಡಿಕೊಳ್ಳಲು ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರಬೇಕು, ಅದನ್ನು ಮೋಟರಿನ ಪ್ಲೇಟಿನ ಮೇಲಿರುವ ಆಂಪಿಗೇ ತಿರುಗಿಸಿಡಬೇಕು. ಕೊಯ್ಲಿನ ಭರದಲ್ಲಿ ರಿಲೇ ಪದೇ ಪದೇ ಬಿತ್ತೆಂದು ಅದರ ಚಕ್ರವನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿರುವುದು ಹತ್ತರಲ್ಲಿ ಎಂಟು ಶೆಡ್ಡಿನಲ್ಲಿ ಕಾಣಸಿಗುತ್ತದೆ. ಬಿದ್ದದ್ದಕ್ಕೆ ಕಾರಣ ಸಾಮಾನ್ಯವಾಗಿ ಕಡಿಮೆ ವೋಲ್ಟೇಜ್ ಅಥವಾ ಹಸಿಗೋಟು ಸಿಕ್ಕಿಕೊಂಡದ್ದು. ಎರಡಕ್ಕೂ ಚಕ್ರ ತಿರುಗಿಸುವುದು ಮದ್ದಲ್ಲ.

ತೋಟದ 5 ಎಚ್‌ಪಿ ತ್ರೀ ಫೇಸ್ ಪಂಪಿಗೆ ಮೂರೂ ಫೇಸ್ ಒಟ್ಟಿಗೆ ಬೀಳುವ ಎಂಸಿಬಿಯೇ ಬೇಕು. ಬಿಡಿಬಿಡಿ ಮೂರು ಹಾಕಿದರೆ ಒಂದು ಬಿದ್ದು ಎರಡು ಫೇಸಿನಲ್ಲಿ ಮೋಟರ್ ಗುಂಯ್‌ಗುಟ್ಟಿ ಸುಡುತ್ತದೆ.

ಶಿವಮೊಗ್ಗ ಪೇಟೆಯೊಳಗೆ ದೊಡ್ಡ ಟಿಸಿಯ ಪಕ್ಕದಲ್ಲಿ ಇರುವವರಿಗೆ ಈ ಲೆಕ್ಕ ತಿರುಗಿ ಕೂರುತ್ತದೆ. ಅಲ್ಲಿ 1,500 ಆಂಪ್ ಬಂದರೆ ತುದಿಯ ಬಿ16, ಮೇನಿನ ಸಿ63 ಎರಡರ ಕಾಯಿಲೂ ಒಟ್ಟಿಗೆ ಎಳೆಯುತ್ತವೆ, ಆಂಪಿನ ಅಂತರ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಮೇನಿಗೆ ಎಚ್‌ಆರ್‌ಸಿ ಫ್ಯೂಸ್ (ಭಾರಿ ಶಾರ್ಟ್ ಕರೆಂಟನ್ನೂ ಕಡಿಯಬಲ್ಲ ಫ್ಯೂಸ್) ಇಡುವುದು, ಇಲ್ಲವೇ ಒಂದೇ ಕಂಪನಿಯ ಎಂಸಿಬಿಗಳನ್ನು ತೆಗೆದುಕೊಂಡು ಯಾವುದರ ಹಿಂದೆ ಯಾವುದು ಹೊಂದುತ್ತದೆ ಎಂದು ಆ ಕಂಪನಿ ಕೊಡುವ ಸೆಲೆಕ್ಟಿವಿಟಿ ಪಟ್ಟಿ ನೋಡಿ ಜೋಡಿಸುವುದು ಸರಿ. ದೊಡ್ಡ ಕಟ್ಟಡ, ರೈಸ್‌ಮಿಲ್ಲುಗಳಲ್ಲಿ ಸ್ವಲ್ಪ ಹೊತ್ತು ತಡೆದು ಬೀಳುವಂತೆ ಸೆಟ್ ಮಾಡಬಹುದಾದ ಎಂಸಿಸಿಬಿ ಎಂಬ ದೊಡ್ಡ ಬ್ರೇಕರ್ ಹಾಕುತ್ತಾರೆ.

ಅರ್ಥಿಂಗ್ ನಂಬಿ ಕೂರಬೇಡಿ

ಇದುವರೆಗೆ ಹೇಳಿದ್ದು ಫೇಸ್ ನ್ಯೂಟ್ರಲ್ ತಾಗಿದಾಗಿನದು. ಫೇಸ್ ಮೋಟರಿನ ಮೈಗೆ ತಾಗಿದರೆ ಕರೆಂಟ್ ನಿಮ್ಮ ಅರ್ಥ್ ಗುಂಡಿಯ ಮೂಲಕ ನೆಲ ಸೇರಿ ಟಿಸಿಗೆ ವಾಪಸಾಗಬೇಕು. ಜಂಬಿಟ್ಟಿಗೆ ನೆಲ ಮಾರ್ಚ್ ಹೊತ್ತಿಗೆ ಒಣಗಿ ಬಿರಿದಿರುತ್ತದೆ. ಆ ದಾರಿಯ ರೆಸಿಸ್ಟೆನ್ಸ್ 50 ಓಮ್ ಇದ್ದರೆ ಹರಿಯುವುದು 4–5 ಆಂಪ್. ಬಿ16 ಇರಲಿ ಬಿ6 ಕೂಡ ಬೀಳುವುದಿಲ್ಲ. ಮಷಿನ್ನಿನ ಮೈ ಮಾತ್ರ ಕೊಲ್ಲುವಷ್ಟು ವೋಲ್ಟೇಜ್ ಹೊತ್ತು ನಿಂತಿರುತ್ತದೆ.

ಇದಕ್ಕೆ ಎಂಸಿಬಿಯಲ್ಲಿ ಉತ್ತರವಿಲ್ಲ, ಆರ್‌ಸಿಸಿಬಿ ಬೇಕು. ಹೋದ ಕರೆಂಟ್ ಬಂದ ಕರೆಂಟಿಗೆ 30 ಮಿಲಿಆಂಪ್ ವ್ಯತ್ಯಾಸ ಕಂಡರೆ ಅದು ಬೀಳುತ್ತದೆ. ಆದರೆ ಆರ್‌ಸಿಸಿಬಿಗೆ ಓವರ್‌ಲೋಡೂ ಗೊತ್ತಿಲ್ಲ, ಶಾರ್ಟೂ ಗೊತ್ತಿಲ್ಲ. ಅದರ ಮೇಲೆ ಬರೆದ 40 ಆಂಪ್ ಅದು ತಡೆದುಕೊಳ್ಳುವ ಮಿತಿ, ಬೀಳುವ ಮಿತಿ ಅಲ್ಲ. ಜೊತೆಗೆ ಎಂಸಿಬಿ ಇರಲೇಬೇಕು.

ಇಲ್ಲೂ ಹೊಂದಾಣಿಕೆಯ ಪ್ರಶ್ನೆ ಇದೆ, ಮಳೆಗಾಲದಲ್ಲಿ ದೊಡ್ಡದಾಗಿಯೇ ಇದೆ. ಇಡೀ ಮನೆಗೆ ಒಂದೇ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸುತ್ತಾರೆ. ಆಷಾಢದಲ್ಲಿ ಕೊಟ್ಟಿಗೆಯ ಹೋಲ್ಡರಿನಲ್ಲಿ ತೇವ, ಬಚ್ಚಲಿನ ಸ್ವಿಚ್ಚಿನಲ್ಲಿ ತೇವ, ಅಟ್ಟದ ಹಳೇ ವೈರಿನಲ್ಲಿ ತೇವ, ಒಂದೊಂದು ಕಡೆ ಐದಾರು ಮಿಲಿಆಂಪ್ ಸೋರಿದರೆ ಸಾಕು. 30 ಎಂದು ಬರೆದದ್ದು 15ರ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ನಡುರಾತ್ರಿ ಮೂರು ಸಲ ಎದ್ದು ಎತ್ತಿ ಬೇಸತ್ತ ಯಜಮಾನರು ಬೆಳಿಗ್ಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುತ್ತಾರೆ. ಮಳೆಗಾಲಕ್ಕೇ ಬೇಕಾದ ರಕ್ಷಣೆ ಮಳೆಗಾಲದಲ್ಲೇ ಹೋಯಿತು.

ಒಂದರ ಬದಲು ಮೂರು ಹಾಕಿಸಿ: ಮನೆಯೊಳಗಿನದಕ್ಕೆ ಒಂದು, ಬಚ್ಚಲು ಮತ್ತು ಕೊಟ್ಟಿಗೆಗೆ ಒಂದು, ಶೆಡ್ಡಿಗೆ ಒಂದು. ಮೂರೂ 30 ಮಿಲಿಆಂಪ್. ಇವುಗಳ ಹಿಂದೆ, ಮೀಟರಿನ ಹತ್ತಿರ, 100 ಅಥವಾ 300 ಮಿಲಿಆಂಪಿನ ಎಸ್ ಟೈಪ್ ಒಂದು. ಎಸ್ ಟೈಪ್ ಎಂದರೆ ತುಸು ತಡೆದು ಬೀಳುವಂಥದು. ಹಿಂದಿನದು ಮುಂದಿನದಕ್ಕಿಂತ ಮೂರು ಪಟ್ಟು ದೊಡ್ಡದಿರಬೇಕು, ಮತ್ತು ಎಸ್ ಆಗಿರಲೇಬೇಕು. ಬರೀ 100 ಮಿಲಿಆಂಪಿನ ಸಾದಾ ಆರ್‌ಸಿಸಿಬಿ ಹಿಂದೆ ಹಾಕಿದರೆ ಉಪಯೋಗವಿಲ್ಲ, ಯಾಕೆಂದರೆ ನಾಲ್ಕೈದು ಆಂಪ್ ಸೋರಿದಾಗ ಎರಡೂ ಸೆಕೆಂಡಿನ ನೂರನೇ ನಾಲ್ಕು ಭಾಗದೊಳಗೆ ಬಿದ್ದುಬಿಡುತ್ತವೆ. ಗುಡುಗು ಮಿಂಚಿನ ಸರ್ಜಿಗೂ ಎಸ್ ಟೈಪ್ ಸುಮ್ಮಸುಮ್ಮನೆ ಬೀಳುವುದು ಕಡಿಮೆ. ಸರ್ಜ್ ಅರೆಸ್ಟರ್ ಹಾಕಿಸುವುದಿದ್ದರೆ ಆರ್‌ಸಿಸಿಬಿಗಳ ಹಿಂದೆ, ಮೀಟರಿನ ಕಡೆಗೆ ಇರಲಿ.

ಮೂರು ಆರ್‌ಸಿಸಿಬಿ ಹಾಕಿದ ಮೇಲೆ ಎಲೆಕ್ಟ್ರಿಷಿಯನ್ ಹೊರಡುವ ಮುಂಚೆ ಡಿಬಿಯ ನ್ಯೂಟ್ರಲ್ ಲಿಂಕ್ ತೋರಿಸಲು ಹೇಳಿ. ಹಿತ್ತಾಳೆಯ ಪಟ್ಟಿ, ಅದರಲ್ಲಿ ಸ್ಕ್ರೂ ಸಾಲು, ಕಪ್ಪು ವೈರುಗಳು. ಮೂರು ಆರ್‌ಸಿಸಿಬಿಗೆ ಮೂರು ಬೇರೆ ಬೇರೆ ಪಟ್ಟಿ ಇರಬೇಕು. ಎಲ್ಲ ಕಪ್ಪು ವೈರುಗಳೂ ಒಂದೇ ಪಟ್ಟಿಯಲ್ಲಿದ್ದರೆ ಕೊಟ್ಟಿಗೆಯ ಲೈಟ್ ಹಾಕಿದಾಗ ಮನೆಯದು ಬೀಳುತ್ತದೆ, ಮನೆಯ ಫ್ಯಾನ್ ಹಾಕಿದಾಗ ಶೆಡ್ಡಿನದು ಬೀಳುತ್ತದೆ, ಮಾಟ ಮಂತ್ರ ಎಂಬ ಅನುಮಾನ ಬರುತ್ತದೆ.

ಮೀಟರಿನಾಚೆ

ಕಟೌಟಿನಲ್ಲಿ ಇನ್ನೂ ಪಿಂಗಾಣಿ ಫ್ಯೂಸ್ ಇರುವ ಮನೆಗಳು ಬೇಕಾದಷ್ಟಿವೆ. ಆ ಫ್ಯೂಸಿಗೂ ಅಳತೆ ಇದೆ: 15 ಆಂಪಿಗೆ 0.5 ಮಿ.ಮೀ. ತವರ ಲೇಪಿಸಿದ ತಾಮ್ರದ ತಂತಿ, 30 ಆಂಪಿಗೆ 0.85. ವೈರಿನ ಎಳೆಗಳನ್ನು ನಾಲ್ಕಾರು ಸೇರಿಸಿ ಹೊಸೆದು ಕಟ್ಟಿದರೆ ಅದು ಫ್ಯೂಸ್ ಆಗಿ ಉಳಿಯುವುದಿಲ್ಲ. ಆಗ ನಿಮ್ಮ ಮನೆಯ ಶಾರ್ಟಿಗೆ ಹೋಗುವುದು ಟಿಸಿಯ ಫ್ಯೂಸ್, ಕತ್ತಲಾಗುವುದು ಕೇರಿಗೆಲ್ಲ. ಟಿಸಿಯ ಫ್ಯೂಸಿಗೂ ದಪ್ಪ ತಂತಿ ಕಟ್ಟಿದ್ದರೆ ಹೋಗುವುದು ಟಿಸಿಯೇ. 5 ಎಚ್‌ಪಿ ಪಂಪ್ ಒಂದಕ್ಕೆ ಏಳೂವರೆ ಆಂಪ್ ಹಿಡಿದರೆ ಐದು ಪಂಪಿಗೇ 37 ದಾಟುತ್ತದೆ, 25 ಕೆವಿಎ ಟಿಸಿಯ ಮಿತಿ 33. ಅಲ್ಲಿ ಫ್ಯೂಸ್ ಹೋಗುತ್ತಿದ್ದರೆ ಕೇಳಬೇಕಾದದ್ದು ದೊಡ್ಡ ಟಿಸಿಯನ್ನು.

11 ಕೆವಿ ಫೀಡರಿನಲ್ಲೂ ಇದೇ ತತ್ತ್ವ, ಆಂಪಿನ ಜೊತೆ ಸಮಯದ ಅಂತರವೂ ಸೇರುತ್ತದೆ. ಹಿಂದಿನ ರಿಲೇ ಮುಂದಿನದಕ್ಕಿಂತ ಸುಮಾರು 0.3 ಸೆಕೆಂಡ್ ತಡವಾಗಿ ಬೀಳುವಂತೆ ಇಡುತ್ತಾರೆ. ಅದನ್ನು ನಾವು ಮುಟ್ಟುವಂತಿಲ್ಲ, ಆದರೆ ಒಂದು ವಿಷಯ ಗೊತ್ತಿರಬೇಕು. ತಂತಿ ಹರಿದು ಒಣ ನೆಲದ ಮೇಲೋ ದರಗಿನ ಮೇಲೋ ಬಿದ್ದರೆ ಹರಿಯುವ ಕರೆಂಟ್ ಎಷ್ಟೋ ಸಲ ಬ್ರೇಕರ್ ಬೀಳಿಸುವಷ್ಟು ಇರುವುದಿಲ್ಲ. ಬಿದ್ದರೂ ಸಬ್‌ಸ್ಟೇಷನ್ನಿನಲ್ಲಿ ಒಮ್ಮೆ ಟೆಸ್ಟ್ ಚಾರ್ಜ್ ಮಾಡಿ ನೋಡುತ್ತಾರೆ. ಆದ್ದರಿಂದ ಮನೆಯಲ್ಲಿ ಕರೆಂಟ್ ಇಲ್ಲ, ತಂತಿ ಸತ್ತಿದೆ ಎಂದು ತೋಟದಲ್ಲಿ ಬಿದ್ದ ತಂತಿಯ ಹತ್ತಿರ ಹೋಗಬೇಡಿ, ದನ ಕರುಗಳನ್ನೂ ಬಿಡಬೇಡಿ. 1912ಕ್ಕೆ ಹೇಳಿ.

ಇನ್ವರ್ಟರ್ ಮೇಲೆ ಓಡುವಾಗ

850 ವಿಎ ಇನ್ವರ್ಟರಿನ ಪೂರ್ತಿ ಲೋಡೇ ನಾಲ್ಕು ಆಂಪಿನೊಳಗೆ. ಅದರ ಮೇಲೆ ಶಾರ್ಟ್ ಆದರೆ ಎಂಸಿಬಿಯ ಕಾಯಿಲ್ ಎಳೆಯುವಷ್ಟು ಕರೆಂಟ್ ಬರುವುದಿಲ್ಲ, ಇನ್ವರ್ಟರೇ ಬಂದ್ ಆಗುತ್ತದೆ. ಹಾಗಾಗಿ ಇನ್ವರ್ಟರ್ ಪದೇ ಪದೇ ಓವರ್‌ಲೋಡ್ ತೋರಿಸಿದರೆ ಎಂಸಿಬಿ ಎಲ್ಲ ಮೇಲಿದೆ ಎಂದು ಸಮಾಧಾನಪಡದೆ ಆ ಸರ್ಕ್ಯೂಟನ್ನು ನೋಡಿಸಿ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನೂ ಬೇರೆಯದರ ಜೊತೆ ಬೆರೆಸಬಾರದು.

ಬಿದ್ದಾಗ ಹುಡುಕುವ ಕ್ರಮ

ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ ಮೊದಲು ನೋಡಿ. ಎಂಸಿಬಿಯಾದರೆ ಆ ಸರ್ಕ್ಯೂಟಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಸ್ವಿಚ್ಚುಗಳನ್ನು ಆರಿಸಿ, ಒಮ್ಮೆ ಎತ್ತಿ. ನಿಂತರೆ ಒಂದೊಂದಾಗಿ ಹಾಕುತ್ತ ಹೋಗಿ. ನಿಲ್ಲದಿದ್ದರೆ ವೈರಿನಲ್ಲೇ ತೊಂದರೆ, ಮತ್ತೆ ಮತ್ತೆ ಎತ್ತಬೇಡಿ.

ಆರ್‌ಸಿಸಿಬಿಯಾದರೆ ಅದರ ಕೆಳಗಿನ ಎಂಸಿಬಿಗಳನ್ನೆಲ್ಲ ಇಳಿಸಿ, ಆರ್‌ಸಿಸಿಬಿ ಎತ್ತಿ, ನಂತರ ಒಂದೊಂದೇ ಎಂಸಿಬಿ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಸೋರಿಕೆ ಅಲ್ಲಿ. ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಆರ್‌ಸಿಸಿಬಿಯೇ ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಅಟ್ಟದ ಮೇಲೆ ಇಲಿ ಕಡಿದು ನ್ಯೂಟ್ರಲ್ಲು ಅರ್ಥಿಗೆ ತಾಗಿದ್ದರೆ ಎಂಸಿಬಿ ಇಳಿಸಿದರೂ ಸೋರಿಕೆ ಹಾಗೇ ಇರುತ್ತದೆ. ಆಗ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ನ್ಯೂಟ್ರಲ್ ಪಟ್ಟಿಯಿಂದ ಕಪ್ಪು ವೈರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಸಬೇಕು. ಆತನ ಹತ್ತಿರ 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇದ್ದರೆ ಈ ಕೆಲಸ ಅರ್ಧ ಗಂಟೆಯದು: ಉಪಕರಣಗಳನ್ನೆಲ್ಲ ಕಿತ್ತಿಟ್ಟು, ಫೇಸ್‌ನಿಂದ ಅರ್ಥಿಗೆ, ನ್ಯೂಟ್ರಲ್‌ನಿಂದ ಅರ್ಥಿಗೆ ಅಳೆದಾಗ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಸರ್ಕ್ಯೂಟಿನ ವೈರ್ ಬದಲಿಸಬೇಕು. ಮೇ ಕೊನೆಗೆ ಒಮ್ಮೆ, ಕೊಯ್ಲಿಗೆ ಮೊದಲು ಒಮ್ಮೆ ಹೀಗೆ ಅಳೆಸಿ, ಅಂಕಿಗಳನ್ನು ದಿನಾಂಕದ ಜೊತೆ ಡಿಬಿ ಬಾಗಿಲ ಒಳಗೆ ಅಂಟಿಸಿಡಿ. ಆರ್‌ಸಿಸಿಬಿಯ ಟಿ ಗುಂಡಿಯನ್ನು ತಿಂಗಳಿಗೊಮ್ಮೆ ನೀವೇ ಒತ್ತಿ ನೋಡಬಹುದು, ಒತ್ತಿದರೂ ಬೀಳದ ಆರ್‌ಸಿಸಿಬಿಯನ್ನು ಅದೇ ವಾರ ಬದಲಿಸಿ.